ನಾಲ್ಕೂವರೆ ತಾರೆ, ಒಂದೂವರೆ ತಾರೆ

ನವೆಂಬರ್ 6, ಗುರುವಾರ. ಬೆಳಿಗ್ಗೆ 7.50

ಕೋರ್ಟಿಲ್ಲ, ಕಟಕಟೆಯಿಲ್ಲ. ಆದರೂ ತಪ್ಪೊಪ್ಪಿಗೆ. ನಾನು, ಅಶೋಕ, ವಯಸ್ಸು ನಲವತ್ತೇಳು, ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ, ಇಂದು ಮುಂಜಾನೆ ಆರು ಗಂಟೆಗೆ, ಸ್ವಸ್ಥ ಮನಸ್ಸಿನಿಂದ, ದಾಡಿಯ ಬ್ಲೇಡು ಹಿಡಿದು, ಕೊರಳಿಗೆ ಹಾಕಿಕೊಂಡು ಹಾಡು ಕೇಳುವ ಒಂದು ನೆಕ್‌ಬ್ಯಾಂಡಿನ ಸ್ಟಿಕರ್ ಕೆರೆದು ತೆಗೆದೆ. ಹಾಗೆ ಹೆಸರು ಕಳೆದುಕೊಂಡ ಆ ವಸ್ತುವನ್ನು ‘ನಿನಗಂತ ತಂದೇನಿ’ ಎಂದು ಹೆಂಡತಿ ಅನುಜಾಗೆ ಕೊಟ್ಟೆ. ತಂದದ್ದಲ್ಲ. ಪರೀಕ್ಷೆಗೆ ಬಂದದ್ದು. ಇಷ್ಟು ಹೊತ್ತಿಗೆ ವಾಪಸು ಹೋಗಬೇಕಾದದ್ದು.

ಸ್ಟಿಕರಿನ ಮೇಲಿದ್ದ ಹೆಸರು ‘ಕಿವಿಮಾತು’. ಟಿಕೋಟಾದ ಕಾವ್ಯಾ ಮೊಬೈಲ್ಸ್ ಅಂಗಡಿಯ ಸ್ವಂತ ಚೀಟಿ. ಪತ್ರಿಕೆಯಲ್ಲಿ ಪ್ರತಿ ಗುರುವಾರ ಬರುವ ನನ್ನ ಗ್ಯಾಜೆಟ್ ವಿಮರ್ಶೆಯ ಅಂಕಣದಲ್ಲಿ ಕಳೆದ ತಿಂಗಳು ಅದಕ್ಕೆ ಐದರಲ್ಲಿ ಒಂದೂವರೆ ತಾರೆ ಕೊಟ್ಟಿದ್ದೆ. ಅದರ ಹಿಂದಿನ ವಾರ ಇಲ್ಲೇ ವಿಜಯಪುರದ ಸಂಗನಬಸವನ ಅಂಗಡಿಯ ‘ಗುಮ್ಮಟ ಗೋಲ್ಡ್’ಗೆ ನಾಲ್ಕೂವರೆ. ನಾಲ್ಕೂವರೆಯದು ನನ್ನ ಕೊರಳಲ್ಲಿದೆ. ಒಂದೂವರೆಯದು ಇವತ್ತಿನಿಂದ ಅವಳ ಕೊರಳಲ್ಲಿ. ಹೆಸರು ಕಂಡರೆ ತಾರೆ ನೆನಪಾದೀತು, ತಾರೆ ನೆನಪಾದರೆ ನನಗೆ ಗ್ರಹಚಾರ. ಅದಕ್ಕೇ ಬ್ಲೇಡು.

ಅನುಜಾ ಹಾಕಿಕೊಂಡು ನೋಡಿದಳು. “ಛಲೋ ಕೇಳಸ್ತದ್ರಿ” ಅಂದಳು. ಪಾಪ. ಸಂಗೀತದ ಕಿವಿ ಎಲ್ಲರಿಗೂ ಇರುವುದಿಲ್ಲ.

ಹೊತ್ತಾಯಿತು. ಇವತ್ತು ಪ್ರಥಮ ಪಿಯುಸಿಗೆ ಧ್ವನಿ ತರಂಗ.

ನವೆಂಬರ್ 8, ಶನಿವಾರ. ಮಧ್ಯಾಹ್ನ 2.15

ಕೆರೆದ ಜಾಗದಲ್ಲಿ ಸಣ್ಣ ಅಕ್ಷರ ಕಂಡಿವೆ. ಎಚ್‌ಎನ್ 27. ಕಾರ್ಖಾನೆಯವರು ಅಚ್ಚಿನಲ್ಲೇ ಒತ್ತಿದ್ದು. ಅದು ತೊಂದರೆಯಲ್ಲ. ತೊಂದರೆ ಎಂದರೆ, ಬೆವರಿಗೆ ನನ್ನ ಗುಮ್ಮಟದ ಚೀಟಿಯೂ ಒಂದು ಮೂಲೆಯಲ್ಲಿ ಎದ್ದಿತ್ತು. ಎತ್ತಿ ನೋಡಿದೆ. ಎಚ್‌ಎನ್ 27.

ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಅದೇ ಬಳುಕು, ಅದೇ ಗುಂಡಿ. ಬಲಗುಂಡಿಯ ಪಕ್ಕ ಎಳ್ಳಿನಷ್ಟು ದೊಡ್ಡ ಗಂಟು— ಎರಡರಲ್ಲೂ. ಈ ಗಂಟಿನ ಬಗ್ಗೆ ಬರೆದಿದ್ದೇನೆ. ಎರಡು ಸಲ. ಕಟಿಂಗ್ ಫೈಲ್ ತೆಗೆದೆ.

ಗುಮ್ಮಟ: ‘ಕಣ್ಣು ಹಾಯಿಸದೆಯೂ ಬೆರಳಿಗೆ ಗುಂಡಿ ಸಿಗಲೆಂದು ಇಟ್ಟ ಎಳ್ಳುಕಾಳಿನಂಥ ಚುಕ್ಕೆ, ವಿನ್ಯಾಸಕಾರನ ಜಾಣ್ಮೆಗೆ ಸಲಾಂ.’

ಕಿವಿಮಾತು: ‘ಗುಂಡಿಯ ಪಕ್ಕ ಎಳ್ಳುಕಾಳಿನಂಥ ಗಂಟು, ಅಚ್ಚಿನವರ ಅಲಕ್ಷ್ಯಕ್ಕೆ ಸಾಕ್ಷಿ.’

ಇನ್ನು ಧ್ವನಿ. ಗುಮ್ಮಟ: ‘ಮಂದ್ರದಲ್ಲಿ ಗಾಂಭೀರ್ಯ, ತಾರದಲ್ಲಿ ತೇಜಸ್ಸು.’ ಕಿವಿಮಾತು: ‘ಬೇಸ್ ಹುಡುಕಿದೆ, ಬೇಸರ ಸಿಕ್ಕಿತು.’

ಈ ಕೊನೆಯ ಸಾಲನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಇವತ್ತು ಕೈ ಅಷ್ಟು ದೂರ ಹೋಗುತ್ತಿಲ್ಲ.

ಸಂಗನಬಸವನಿಗೆ ಫೋನು ಹಚ್ಚಿದೆ.

“ಈ ಗುಮ್ಮಟ ಗೋಲ್ಡ್ ಎಲ್ಲಿ ಮಾಡಸ್ತೀಯೋ?”

“ಮಾಡಸೂದೇನ್ ಬಂತ್ರಿ ಸರ? ಮುಂಬೈದಿಂದ ಡಬ್ಬಿ ಬರತಾವು, ಚೀಟಿ ನಾ ಹಚ್ಚತೀನಿ.”

“ಮತ್ತ ಟಿಕೋಟಾದ ಕಿವಿಮಾತು?”

“ಅದೂ ಅದಽ ಗೋದಾಮಿಂದ್ರಿ. ಚೀಟಿ ಆ ಹುಡುಗಿ ಹಚ್ಚತಾಳ.”

“ಮದಲಽ ಯಾಕ ಹೇಳಲಿಲ್ಲ?”

“ನಿಮಗ ಗೊತ್ತಽ ಐತಿ ಅಂತ ತಿಳಕೊಂಡಿದ್ನಿರಿ. ನಿಮ್ಮ ಫೋಟೋದ ತೆಳಗ ತಜ್ಞರು ಅಂತ ಹಾಕಿರತಾರಲ್ರಿ.”

ನಗಲಿಲ್ಲ ಅವನು. ನಕ್ಕಿದ್ದರೆ ಬೈಯಬಹುದಿತ್ತು.

ಜಗತ್ತಿನವರು ಕಿವಿಯ ಮೇಲೆ ಹೂವು ಇಡುತ್ತಾರೆ. ನಾನು ಸ್ವತಃ ಇಟ್ಟುಕೊಂಡು ಮೂರು ವರ್ಷ ತಿರುಗಿದ್ದೇನೆ. ಇರಲಿ. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಆಯಿತು.

ನವೆಂಬರ್ 10, ಸೋಮವಾರ. 3.30

ಹೊಟ್ಟೆ ಚುರುಗುಡುತ್ತಿದೆ. ಸೋಮವಾರದ ಒಪ್ಪತ್ತು. ಇಪ್ಪತ್ತೆರಡು ವರ್ಷದ ಹಿಂದೆ ನನಗೆ ನೌಕರಿ ಸಿಗಲಿ ಎಂದು ಅವ್ವ ಹರಕೆ ಹೊತ್ತಳು. ‘ನನ್ನ ಮಗ ಸೋಮವಾರ ಒಪ್ಪತ್ತು ಇರತಾನ’ ಎಂದು ದೇವರಿಗೆ ಮಾತು ಕೊಟ್ಟಳು. ಹರಕೆ ಅವಳದು, ಹಸಿವು ನನ್ನದು. ಹೊತ್ತು ಮುಳುಗುವ ತನಕ ಎರಡು ಕಪ್ ಚಹಾ, ಅಷ್ಟೇ. ಕಾಲೇಜಿನಲ್ಲಿ ಸೋಮವಾರ ಎರಡೇ ಪಿರಿಯಡ್ ಇರುವುದರಿಂದ ಮನೆಗೆ ಬಂದು ಪರೀಕ್ಷೆಗೆ ಕೂಡುತ್ತೇನೆ. ಇವತ್ತು ಒಂದು ಚಾರ್ಜಿಂಗ್ ಕೇಬಲ್. ನೋಡಿದರೇ ಸಿಟ್ಟು ಬರುವಂಥದ್ದು.

ಅಷ್ಟರಲ್ಲಿ ಫೋನು.

“ಸರ, ನಮಸ್ಕಾರ್ರಿ. ಟಿಕೋಟಾದಿಂದ ಕಾವ್ಯಾ ಮಾತಾಡಾಕತ್ತೇನ್ರಿ. ಕಿವಿಮಾತು.”

ಜಗಳಕ್ಕೆ ಬಂದಳು ಎಂದುಕೊಂಡೆ. ಇಲ್ಲ. ಅದಕ್ಕಿಂತ ಕೆಟ್ಟದ್ದು. ನನ್ನನ್ನು ನಂಬಿದ್ದಾಳೆ.

“ನೀವು ಬರದದ್ದು ಖರೇನಽ ಇರತೈತ್ರಿ, ಕಲತವರು. ಆದ್ರ ದೋಷ ಎಲ್ಲೈತಿ ಅನ್ನೂದು ನನಗ ತಿಳಿವಲ್ದು. ಹೇಳಿದ್ರ ಮುಂಬೈದವ್ರಿಗೆ ಹೇಳಿ ಸರಿ ಮಾಡಸ್ತೀನಿ.”

ಅಂಗಡಿಗೆ ಬಂದವರು ‘ಬೇಸರ ಬ್ಯಾಂಡ್ ಐತೇನವಾ?’ ಎಂದು ಕೇಳಿ ನಕ್ಕು ಹೋಗುತ್ತಾರಂತೆ. ನನ್ನ ಸಾಲು ಟಿಕೋಟಾ ಬಸ್‌ಸ್ಟ್ಯಾಂಡಿನ ತನಕ ಮುಟ್ಟಿದೆ. ನೂರೆಂಬತ್ತು ಡಬ್ಬಿ ಹಾಗೇ ಕೂತಿವೆ. ಅವನ್ನೆಲ್ಲ ಸಂಗನಬಸವ ತಗೊಳ್ಳುತ್ತೇನೆ ಎಂದಿದ್ದಾನೆ. ಬರುವ ವಾರ, 20ರ ಗುರುವಾರ ಮಧ್ಯಾಹ್ನ ಗಾಡಿ ತರುತ್ತಾನೆ. ಷರತ್ತು ಒಂದೇ. ಕಿವಿಮಾತು ಚೀಟಿ ಕಿತ್ತು ಗುಮ್ಮಟದ ಚೀಟಿ ಹಚ್ಚಿ ಕೊಡಬೇಕು. ಮುಂದೆಯೂ ಅವನ ಹೆಸರಲ್ಲೇ ಮಾರಬೇಕು.

“ಬರೇ ಮಾಲ ಮಾರೂದಾದ್ರ ಯಾರರ ಅಂಗಡ್ಯಾಗ ನಿಂದರತಿದ್ನಿರಿ ಸರ. ಹೆಸರು ನಂದಿರಲಿ ಅಂತಽ ಅಂಗಡಿ ಹಾಕಿದ್ನಿ. ಗುರುವಾರಕ್ಕ ಹೂಂ ಅನ್ಲೋ, ಊಹೂಂ ಅನ್ಲೋ?”

ಎರಡು ವಾಕ್ಯ ಸಾಕಿತ್ತು. ‘ತಂಗೀ, ಎರಡೂ ಒಂದೇ. ತಪ್ಪು ನನ್ನದು.’ ಬಾಯಿಗೆ ಬಂದದ್ದು: “ಧ್ವನಿಯ ವಿಷಯ ಭಾಳ ಸೂಕ್ಷ್ಮವಾ. ಫೋನಿನ್ಯಾಗ ಹೇಳೂದಲ್ಲ.”

“ಹಂಗಾರ ಐತವಾರ ನೀವಽ ಬರ್ರಿ. ನಮ್ಮವ್ವ ಬಿಜ್ಜರಗಿಯಿಂದ ರೊಟ್ಟಿ ಬುತ್ತಿ ತರತಾಳ.”

ರೊಟ್ಟಿ ಎಂದ ಕೂಡಲೇ ಭಾನುವಾರಕ್ಕೆ ಹೂಂ ಅಂದೆ. ಸೋಮವಾರದ ಮಧ್ಯಾಹ್ನ ಮನುಷ್ಯನಿಗೆ ಸ್ವಂತ ಬುದ್ಧಿ ಇರುವುದಿಲ್ಲ.

ಕೇಬಲ್‌ಗೆ ಎರಡು ತಾರೆ.

ನವೆಂಬರ್ 13, ಗುರುವಾರ. ಸಂಜೆ

ಅನುಜಾಗೆ ಎಲ್ಲ ಹೇಳಿಬಿಟ್ಟೆ. ಫೋನಿನ ಮಾತು ಅರ್ಧ ಕೇಳಿಸಿಕೊಂಡಿದ್ದಳು. ಉಳಿದರ್ಧವನ್ನು ಮೂರು ದಿನದಲ್ಲಿ ತೆಗೆದಳು. ಸ್ಟಿಕರಿನ ಪ್ರಕರಣವೂ ಹೊರಬಿತ್ತು.

“ಅಂದ್ರ ನಾಲ್ಕೂವರಿ ನಿಮಗ, ಒಂದೂವರಿ ನನಗ?”

“ಎರಡೂ ಒಂದಽ ಅಲ್ಲೇನ.”

“ಕೊಡೂವಾಗ ನಿಮಗ ಗೊತ್ತಿತ್ತೇನ್ರಿ?”

ವಿಷಯ ಬದಲಿಸಿದೆ. ವಿಷಯ ಬದಲಾಗಲಿಲ್ಲ.

ಆಮೇಲೆ ನನ್ನ ಪರೀಕ್ಷಾ ನೋಟಬುಕ್ ತೆಗೆದಳು. ಮೂರು ವರ್ಷದ ದಾಖಲೆ— ವಸ್ತು, ತಾರೀಖು, ವಾರ, ವೇಳೆ, ತಾರೆ. ಅಚ್ಚುಕಟ್ಟು ನನ್ನ ಹೆಮ್ಮೆ. ಕೆಂಪು ಪೆನ್ನು ಹಿಡಿದು ಊಟದ ಮೇಜಿಗೆ ಕೂತಳು. ಅರ್ಧ ಗಂಟೆ ಗೆರೆ ಎಳೆದಳು, ಎಣಿಸಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳನ್ನು ಮದುವೆಯಾದರೆ ಇಂಥ ಅರ್ಧ ಗಂಟೆಗಳು ಬರುತ್ತವೆ.

“ಇಲ್ಲಿ ನೋಡ್ರಿ. ಸೋಮವಾರ ನೋಡಿದ ಸಾಮಾನು ನಲವತ್ತೊಂದು. ಎರಡರ ಮ್ಯಾಲ ಒಂದೂ ಹೋಗಿಲ್ಲ. ಐತವಾರ ಊಟ ಆದ ಮ್ಯಾಲ ನೋಡಿದ್ದು ಮೂವತ್ತಾರು. ನಾಲ್ಕರ ಕೆಳಗ ಒಂದೂ ಇಳದಿಲ್ಲ. ಗುಮ್ಮಟ— ಐತವಾರ, ನಾವು ಹೋಳಿಗಿ ಮಾಡಿದ್ವಿ. ಕಿವಿಮಾತು— ಸೋಮವಾರ, ಮಧ್ಯಾಹ್ನ ಮೂರೂವರಿಗೆ.”

ಕಸಿದುಕೊಂಡು ನೋಡಿದೆ. ಹೌದು. ಒಂದು ಪವರ್ ಬ್ಯಾಂಕ್ ಎರಡು ಹೆಸರಲ್ಲಿ ಬಬಲೇಶ್ವರದಿಂದ ಒಮ್ಮೆ, ಸಾರವಾಡದಿಂದ ಒಮ್ಮೆ ಬಂದಿತ್ತು. ಭಾನುವಾರ: ‘ಹಗುರ, ಕಿಸೆಗೆ ಹಿತ.’ ಸೋಮವಾರ: ‘ಹಗುರ, ಒಳಗೆ ಏನೂ ಇಲ್ಲವೇನೋ ಎಂಬಷ್ಟು.’

“ಇದು ಮಷೀನಿನ ಪರೀಕ್ಷಾ ಅಲ್ರಿ. ನಿಮ್ಮ ಹೊಟ್ಟಿ ಪರೀಕ್ಷಾ.”

ಒಳಗಿನಿಂದ ಅವ್ವ: “ನನ್ನ ಹರಕಿಗೆ ಹೆಸರಿಡಬ್ಯಾಡ್ರಿ! ನೌಕರಿ ಸಿಕ್ಕದಿಲ್ಲೋ?”

“ಅತ್ತೀ, ನೌಕರಿ ಇವರಿಗೆ ಸಿಕ್ಕದ. ಉಪಾಸ ಟಿಕೋಟಾದ ಹುಡುಗಿಗೆ ಹತ್ತೇದ.”

ಅವ್ವ ಬಾಗಿಲಿಗೆ ಬಂದಳು. ನಮ್ಮವ್ವ ವತ್ಸಲಾಬಾಯಿಯವರಿಗೆ ವಿಷಯ ಪೂರ್ತಿ ತಿಳಿಯಬೇಕು, ಇಲ್ಲದಿದ್ದರೆ ಚಹಾ ಆಗುವುದಿಲ್ಲ. ಅನುಜಾ ಹೇಳಿದಳು. ಅವ್ವ ಕೇಳಿ, ನನ್ನ ಕಡೆ ನೋಡಿ, “ಹಸದಾಗ ನೀ ಸಣ್ಣಂವ ಇದ್ದಾಗಿಂದಽ ಹಿಂಗ. ನಾನು ಅದನ್ನ ದೇವರಿಗೆ ಹೇಳಿರಲಿಲ್ಲ ನೋಡು” ಅಂದು ಚಹಾಕ್ಕೆ ಹೋದಳು.

ಇಷ್ಟು ವರ್ಷ ಏನೇನೋ ವಿಮರ್ಶೆ ಮಾಡಿದೆ. ಒಂದೇ ಒಂದು ಸಲ ಕಾವ್ಯಾವಿಮರ್ಶೆಗೆ ಕೈಹಾಕಿ ಸಿಕ್ಕಿಬಿದ್ದೆ.

ನಗು ಬಂತು. ಎಲ್ಲರೂ ನಕ್ಕೆವು. ಆದರೂ ಆ ನೂರೆಂಬತ್ತು ಡಬ್ಬಿ…

ನವೆಂಬರ್ 16, ಭಾನುವಾರ. ಸಂಜೆ 6

ಸ್ಕೂಟರ್ ಮೇಲೆ ಇಬ್ಬರೂ ಟಿಕೋಟಾಕ್ಕೆ. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ, ಔಷಧಿಯ ವಾಸನೆ. ಹಿಂದೆ ಕೂತ ಅನುಜಾ ಒಂದೇ ಮಾತು: “ಸುತ್ತಿ ಬಳಸಿ ಹೇಳಬ್ಯಾಡ್ರಿ.”

ಬಸ್‌ಸ್ಟ್ಯಾಂಡಿನ ಎದುರು ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ. ಕಾವ್ಯಾಗೆ ಇಪ್ಪತ್ತೈದಿರಬಹುದು. ಗೋಡೆಗೆ ಒರಗಿಸಿದ ಡಬ್ಬಿಗಳ ಸಾಲು, ಪ್ರತಿಯೊಂದರ ಮೇಲೂ ನೀಲಿ ಅಕ್ಷರದಲ್ಲಿ ಕಿವಿಮಾತು. ಆ ಅಕ್ಷರ ಅವಳದೇ ಕೈಬರಹವಂತೆ, ಪ್ರಿಂಟ್ ಮಾಡಿಸಿದ್ದು. ‘ಕಿ’ಯ ಗುಡಿಸು ಸ್ವಲ್ಪ ದೊಡ್ಡದು.

ಒಬ್ಬ ಗಿರಾಕಿ ಇದ್ದ. ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರ ಮಲಕಾಜಪ್ಪ. ಕೊರಳಲ್ಲಿ ಕಿವಿಮಾತು. ನನ್ನ ಪರಿಚಯ ಆದ ಕೂಡಲೇ ಮೇಲಿಂದ ಕೆಳಗೆ ನೋಡಿದ.

“ಬೇಸರ ಅಂತ ಬರದಾವ್ರು ನೀವಽ ಏನ್ರಿ? ಮೂರು ತಿಂಗಳಾತು, ಟ್ರ್ಯಾಕ್ಟರ್ ಮ್ಯಾಲ ಕುಂತು ದ್ರಾಕ್ಷಿಗೆ ಔಷಧ ಹೊಡಿಯೂವಾಗ ಇದಽ ಹಾಕ್ಕೋತೀನಿ. ಹಿಂದ ಬ್ಲೋವರ್ ಬೋಂ ಅಂತಿರತೈತಿ, ನನ್ನ ಹೇಣ್ತಿ ಫೋನಿನ್ಯಾಗ ಬೈಯೂದು ಒಂದಕ್ಷರ ತಪ್ಪೂದಿಲ್ರಿ. ತಪ್ಪಿದ್ರ ಛಲೋ ಇತ್ತು!”

ಹೋದ. ಕಾವ್ಯಾ ಹೊಸ ಡಬ್ಬಿ ಒಡೆದು ನನ್ನ ಮುಂದೆ ಇಟ್ಟಳು. ಪಕ್ಕಕ್ಕೆ ಪೆನ್ನು, ನೋಟಬುಕ್.

“ದೋಷ ಎಲ್ಲೈತಿ ತೋರಸ್ರಿ ಸರ. ನಾ ಬರಕೋತೀನಿ.”

ಅವಳ ತಾಯಿ ಅಕ್ಕನಾಗಮ್ಮ ಅಷ್ಟರಲ್ಲಿ ಬುತ್ತಿ ಬಿಚ್ಚಿದ್ದರು. “ಮದಲ ಉಣ್ಲಿ ಬಿಡು, ದೂರದಿಂದ ಬಂದಾರ.” ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮುಳಗಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಂಡೆ. ನಾಲ್ಕು ರೊಟ್ಟಿ. ಆಮೇಲೆ ಆ ನೆಕ್‌ಬ್ಯಾಂಡ್ ಹಾಕಿಕೊಂಡೆ, ಮೊಬೈಲಿನಲ್ಲಿ ಒಂದು ತಬಲಾ ಹಚ್ಚಿದೆ. ದೇವಲೋಕ. ಮಂದ್ರದಲ್ಲಿ ಗಾಂಭೀರ್ಯ. ಅನುಜಾ ನನ್ನ ಮುಖ ನೋಡಿ ತಲೆ ಚಚ್ಚಿಕೊಂಡಳು.

ಹೇಳಿದೆ. ಎಚ್‌ಎನ್ 27, ಒಂದೇ ಗೋದಾಮು, ಭಾನುವಾರ, ಸೋಮವಾರ, ಒಪ್ಪತ್ತು. ಅರ್ಧಕ್ಕೆ ನಿಲ್ಲಿಸಿದಾಗಲೆಲ್ಲ ಅನುಜಾ ಕೆಮ್ಮಿದಳು.

ಅಕ್ಕನಾಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ಯಪ್ಪಾ! ಉಂಡು ಕೇಳಬೇಕಿತ್ತಲ್ರಿ!”

ಕಾವ್ಯಾ ನಗಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿದಳು. “ಒಂದು ತಿಂಗಳಾತ್ರಿ ಸರ. ದಿನಾ ಮುಂಜಾನೆ ಅಂಗಡಿ ತಗದು ಒಂದೊಂದ ಡಬ್ಬಿ ಒಡದು ಕೇಳತಿದ್ನಿ. ನನ್ನ ಕಿವಿನಽ ಸರಿ ಇಲ್ಲೇನೋ ಅಂದ್ಕೊಂಡಿದ್ನಿ.”

ಕೊರಳಿನದನ್ನು ತೆಗೆದು ಡಬ್ಬಿಯಲ್ಲಿಟ್ಟೆ. ಶ್ಲೇಷೆ ಹೊಳೆಯಲಿಲ್ಲ. ಅದು ಅಪರೂಪ.

“ನಮ್ಮವ್ವ ನಕ್ಕಾಳಂತ ಇದು ಮುಗೀಲಿಲ್ರಿ. ಪೇಪರನ್ಯಾಗ ಬಂದದ್ದು ಪೇಪರನ್ಯಾಗಽ ಹೋಗಬೇಕು. ಗುರುವಾರ ಮುಂಜಾನೆ ಬಂದ್ರ, ಮಧ್ಯಾಹ್ನ ಸಂಗನಬಸವ ಅಣ್ಣಾರಿಗೆ ಬ್ಯಾಡ ಅಂತೀನಿ. ಬರಲಿಲ್ಲಂದ್ರ ಅವರ ಚೀಟಿ ಹಚ್ಚತೀನಿ. ಹಂಗಽ ಕುಂದರಾಕ ನನಗ ಆಗೂದಿಲ್ರಿ.”

“ಬರೀತೀನಿ” ಅಂದೆ.

“ನಿಮ್ಮ ಹೆಸರಿನ್ಯಾಗ?”

“ನನ್ನ ಹೆಸರಿನ್ಯಾಗ.”

ನವೆಂಬರ್ 17, ಸೋಮವಾರ

ಸೂರ್ಯ ಮುಳುಗುವ ತನಕ ಪೆನ್ನು ಮುಟ್ಟಕೂಡದೆಂದು ಅನುಜಾಳ ಆಜ್ಞೆ. ಮುಳುಗಿದ. ಉಂಡೆ. ನಿದ್ದೆ ಬರುತ್ತಿದೆ.

ನವೆಂಬರ್ 18, ಮಂಗಳವಾರ. ಸಂಜೆ 6.15

ಬರೆದೆ! ಕಾಲೇಜಿನ ಸ್ಟಾಫ್ ರೂಮಿನಲ್ಲೇ, ಊಟ ಮುಗಿಸಿ, ಎರಡು ಪಿರಿಯಡ್ ನಡುವೆ. ಯಾರ ಒತ್ತಾಯವೂ ಇಲ್ಲದೆ, ಯಾರ ಭಯವೂ ಇಲ್ಲದೆ, ಒಬ್ಬ ವಿಮರ್ಶಕ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಸಂದರ್ಭ ಈ ಜಿಲ್ಲೆಯಲ್ಲಿ ಮೊದಲನೆಯದಿರಬಹುದು. ಬರೆದು ಮುಗಿಸಿದಾಗ ಮೈ ಹಗುರ. ಒಳಗೆ ಏನೂ ಇಲ್ಲವೇನೋ ಎಂಬಷ್ಟು.

ಮನೆಗೆ ಬಂದು ಹಾಳೆ ಅನುಜಾ ಕೈಗೆ ಕೊಟ್ಟೆ. ನನ್ನ ಅಕ್ಷರ ಸಂಪಾದಕ ಪರಮೇಶ್ವರನಿಗೆ ತಿಳಿಯುವುದಿಲ್ಲ. ಟೈಪ್ ಮಾಡಿ ಮೇಲ್ ಮಾಡುವುದು ಅವಳ ಕೆಲಸ. ಎರಡು ಸಲ ಓದಿದಳು. ಮೆಚ್ಚುಗೆಗೆ ಮಾತು ಸಿಗದಿದ್ದಾಗ ಹೀಗಾಗುತ್ತದೆ.

ನವೆಂಬರ್ 21, ಶುಕ್ರವಾರ. ಬೆಳಿಗ್ಗೆ

ನಿನ್ನೆಯಿಂದ ಫೋನು ತಣ್ಣಗಾಗಿಲ್ಲ.

ಎಲ್ಲರ ಬಾಯಲ್ಲೂ ಒಂದೇ ಸಾಲು: ‘ಆ ಸೋಮವಾರ ಖಾಲಿ ಇದ್ದದ್ದು ಕಾವ್ಯಾ ಅವರ ಡಬ್ಬಿಯಲ್ಲ, ನನ್ನ ಹೊಟ್ಟೆ. ಅದರ ಸಿಟ್ಟು ಅವರ ಹೆಸರಿನ ಮೇಲೆ ಬಿತ್ತು.’ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿಸಿದರು. ಮುದ್ರಣದಲ್ಲಿ ಓದಿದಾಗ ನನಗೇ ಹೊಸದೆನಿಸಿತು.

ಕಾವ್ಯಾ ನಿನ್ನೆ ಮಧ್ಯಾಹ್ನ ಫೋನು ಮಾಡಿದ್ದಳು. “ಬ್ಯಾಡ ಅಂದ್ನಿರಿ ಸರ. ಚೀಟಿ ನಂದಽ ಉಳೀತು.” ಆಮೇಲೆ, “ಅಷ್ಟು ಬಿಚ್ಚಿ ಬರೀತೀರಿ ಅಂತ ನಾ ತಿಳಕೊಂಡಿರಲಿಲ್ರಿ” ಅಂದಳು. ಅಂಗಡಿಯಲ್ಲಿ ಯಾರೋ ‘ಒಂದು ಒಪ್ಪತ್ತಿಂದು ಕೊಡವಾ’ ಎಂದು ಕೇಳುತ್ತಿದ್ದುದು ಕೇಳಿಸಿತು. ಹೊಸ ಅಡ್ಡಹೆಸರು. ಈ ಸಲ ಕೇಳಿ, ತಗೊಂಡು ಹೋಗುತ್ತಾರಂತೆ.

ಸಂಗನಬಸವನೂ ಸಿಟ್ಟಾಗಿಲ್ಲ. “ಖಾಲಿ ಗಾಡಿ ತಿರುಗಿಸಿಕೊಂಡ ಬಂದ್ನಿರಿ ಸರ. ಇರಲಿ. ಇನ್ನಮ್ಯಾಲ ನನ್ನ ಮಾಲ ಐತವಾರಽ ಕಳಸ್ತೀನಿ.”

ಪರಮೇಶ್ವರ ಅಂಕಣದ ಜಾಗ ಒಂದೂವರೆ ಪಟ್ಟು ಮಾಡಿದ್ದಾನೆ. ಬಬಲೇಶ್ವರದ ವ್ಯಾಪಾರಸ್ಥರ ಸಂಘದವರು 29ಕ್ಕೆ ಉಪನ್ಯಾಸಕ್ಕೆ ಕರೆದಿದ್ದಾರೆ. ವಿಷಯ: ‘ವೃತ್ತಿಯಲ್ಲಿ ಪ್ರಾಮಾಣಿಕತೆ’. ಶಾಲು ಇದೆಯಂತೆ. ಅವ್ವ ಸೋಮವಾರಕ್ಕೊಂದು ತಿದ್ದುಪಡಿ ತಂದಿದ್ದಾಳೆ: ಮಧ್ಯಾಹ್ನ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ದೇವರನ್ನು ಕೇಳಿದಳಂತೆ, ಒಪ್ಪಿದನಂತೆ.

ಖುಷಿ. ನಿಜವಾಗಿ ಖುಷಿ.

ನವೆಂಬರ್ 29, ಶನಿವಾರ. ಬೆಳಿಗ್ಗೆ 9.10

ಹತ್ತೂವರೆಗೆ ಬಬಲೇಶ್ವರದಲ್ಲಿರಬೇಕು. ಅಂಗಿಗೆ ಇಸ್ತ್ರಿ ಆಗಿದೆ. ಭಾಷಣ ನಾಲ್ಕು ಹಾಳೆ, ಹನ್ನೊಂದು ಶ್ಲೇಷೆ. ಕಾವ್ಯಾ, ಅಕ್ಕನಾಗಮ್ಮ ಮೊದಲ ಸಾಲಿನಲ್ಲಿ ಕೂಡುತ್ತಾರಂತೆ. ಶಾಲು ಹೊದಿಸುವುದು ಕಾವ್ಯಾಳ ಕೈಯಿಂದಲೇ.

ಕನ್ನಡಿಯ ಮುಂದೆ ನಿಂತು ಓದಿದೆ. ಮೂರನೆಯ ಸಾಲಿಗೆ ಬಂದೆ. ‘ಯಾರ ಒತ್ತಾಯವೂ ಇಲ್ಲದೆ, ಯಾರ ಭಯವೂ ಇಲ್ಲದೆ ನಾನು ಬರೆದ ಆ ಅಂಕಣ…’

ಅಡುಗೆಮನೆಯಲ್ಲಿ ಅನುಜಾ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಮತ್ತೆ ನಲ್ಲಿ ಬಿಟ್ಟಳು.

ನಾಲ್ಕು ಸಲ ಓದಿದೆ. ನಾಲ್ಕೂ ಸಲ ಆ ಸಾಲಿಗೆ ಬಂದು ನಿಂತೆ. ಕನ್ನಡಿಯ ಮುಂದೆಯೇ ಹೀಗಾದರೆ ಕಾವ್ಯಾಳ ಮುಂದೆ?

ಮೊನ್ನೆ 20ರಂದು ಬೆಳಿಗ್ಗೆ ಪತ್ರಿಕೆ ಬಿಡಿಸಿ ಕೂತಾಗಲೂ ಅನುಜಾ ಹೀಗೇ ಕೆಲಸ ನಿಲ್ಲಿಸಿ ನಿಂತಿದ್ದಳು. ನಾನು ಪೂರ್ತಿ ಓದಿ ತಲೆ ಎತ್ತಿದೆ. “ಟೈಪಿಂಗ್ ತಪ್ಪೇನರ ಅವ ಏನ್ರಿ?” ಎಂದು ಕೇಳಿದಳು. “ಇಲ್ಲ” ಅಂದೆ. ಆಗಲೇ ಮೊದಲ ಫೋನು ಬಂತು, ಹೊಗಳಿಕೆಯದು. ಎತ್ತಿದೆ. ಇಳಿಸಲೇ ಇಲ್ಲ. ಇಲ್ಲಿಯೂ ಬರೆಯಲಿಲ್ಲ— ಓದುವವರಿಲ್ಲದ ಪುಸ್ತಕಕ್ಕೂ ಸುಳ್ಳು ಹೇಳಿದೆ.

ಮೂರನೆಯ ಸಾಲು ಹೊಡೆದು ಹಾಕಿದ್ದೇನೆ. ಹೊರಗೆ ಅನುಜಾ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದಾಳೆ. ಅದರ ಜಾಗಕ್ಕೆ ಬರೆಯಬೇಕಾದದ್ದು ಇಷ್ಟು, ಬೇಗ ಬರೆದುಬಿಡುತ್ತೇನೆ: ನೀವು ಮೆಚ್ಚಿದ ಅಂಕಣ ನನ್ನ ಹೆಂಡತಿ ಬರೆದದ್ದು. ಖಾಲಿ ಹೊಟ್ಟೆಯ ಆ ಸಾಲನ್ನು ನಾನು ಮೊದಲು ಓದಿದ್ದು ನಿಮ್ಮ ಹಾಗೆ ಪತ್ರಿಕೆಯಲ್ಲೇ. ನನ್ನ ಹಾಳೆಯಲ್ಲಿ ಸೋಮವಾರದ ಸುದ್ದಿಯೇ ಇರಲಿಲ್ಲ. ಕಾವ್ಯಾ ಅವರು ಕಳಿಸಿದ ಆ ಒಂದು ಪೀಸಿನಲ್ಲೇ ದೋಷವಿದ್ದಿರಬೇಕು ಎಂದು ಬರೆದಿದ್ದೆ, ಅದೂ ಊಟ ಆದ ಮೇಲೆ, ಹೊಟ್ಟೆ ತುಂಬ—